ಹದಿನಾಲ್ಕನೆಯ ಸಾಲಿನ ಜ್ವಾಲಾಮುಖಿ

ಈ ಬರಹಕ್ಕೆ ಆಧಾರ ಎರಡು: ನನ್ನ ನೆನಪು ಮತ್ತು ಒಂದು ಶೀಟ್. ಶೀಟ್ ಎಂದರೆ ಮೆಲ್ಬರ್ನ್‌ನಲ್ಲಿರುವ ನಾನೂ ಸಿಡ್ನಿಯಲ್ಲಿರುವ ಅಕ್ಕನೂ ನಮ್ಮ ನಮ್ಮ ಫೋನಿನಲ್ಲೇ ತೆರೆದು ತಿದ್ದಬಹುದಾಗಿದ್ದ ಪ್ರವಾಸದ ಪಟ್ಟಿ. ಯಾರ ಅಕೌಂಟಿನಿಂದ, ಯಾವ ದಿನ, ಎಷ್ಟು ಹೊತ್ತಿಗೆ ಏನು ಬರೆದರು, ಏನು ಅಳಿಸಿದರು ಎಂಬುದನ್ನೆಲ್ಲ ಅದು ತಾನಾಗಿಯೇ ಇಟ್ಟುಕೊಳ್ಳುತ್ತದೆ. ನನ್ನ ನೆನಪು ಹಾಗಲ್ಲ. ಅಳಿಸಿದ್ದನ್ನು ಅಳಿಸಿದೆ ಎಂದು ಅದು ಎಂದೂ ಹೇಳಿದ್ದಿಲ್ಲ. ಆದ್ದರಿಂದ ಎರಡೂ ಹೊಂದದ ಕಡೆ ಎರಡನ್ನೂ ಬರೆಯುತ್ತೇನೆ.

ಮೊದಲು ಫೋನ್ ಬಂತು. ಏಪ್ರಿಲ್‌ನ ಒಂದು ಮಧ್ಯಾಹ್ನ. ನಾನು ಟ್ರುಗನಿನಾದ ನಮ್ಮ ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ ಎಂದು ನೆನಪು. ಆದರೆ ಅದು ಕೆಲಸದ ದಿನ, ಆ ಹೊತ್ತಿಗೆ ನಾನು ಮೀಟಿಂಗ್‌ನಲ್ಲಿರಬೇಕಿತ್ತು. ಬಟ್ಟೆ ಬೇರೆ ಯಾವುದೋ ಫೋನಿನದಿರಬೇಕು. ಅಕ್ಕ ಟೂಂಗಾಬಿ ಸ್ಟೇಷನ್ನಿನಿಂದ ಮನೆಗೆ ನಡೆಯುತ್ತ ಮಾತಾಡಿದಳು. ಭಾವ ಜೊತೆಗಿರಲಿಲ್ಲ, ಹಾಲು ತರಲು ಅಂಗಡಿಗೆ ಹೋಗಿದ್ದರು. ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬರುತ್ತಿದ್ದಳು. ಗ್ಲಾಕೋಮಾ ಇರುವುದು ನಮಗೆಲ್ಲ ಗೊತ್ತಿತ್ತು, ಕೆಲವು ವರ್ಷಗಳಿಂದ ಹನಿ ಹಾಕಿಕೊಳ್ಳುತ್ತಿದ್ದರು. ಈಗ ಎರಡೂ ಕಣ್ಣಿನ ಅಂಚಿನ ನೋಟ ಹೋಗಿದೆ, ಪೈಪಿನೊಳಗಿಂದ ನೋಡಿದಷ್ಟು ಉಳಿದಿದೆ, ಅದೂ ಎಷ್ಟು ದಿನವೋ ಹೇಳಲಾಗದು, ಕಾರು ಓಡಿಸುವಂತಿಲ್ಲ, ಬೆಳಕು ಕಡಿಮೆಯಾದರೆ ಏನೂ ಕಾಣಿಸುವುದಿಲ್ಲ. ಡಾಕ್ಟರು ಹೇಳಿದ್ದು ಇಷ್ಟು. ರೈಲಿನಲ್ಲಿ ವಾಪಸ್ಸು ಬರುವಾಗ ಭಾವ ಆಡಿದ್ದು ಒಂದೇ ಮಾತಂತೆ.

"ಹತ್ತೊಂಬತ್ತು ವರ್ಷ ಜ್ವಾಲಾಮುಖಿ ಪಾಠ ಮಾಡ್ದೆ. ಒಂದೂ ನೋಡ್ಲಿಲ್ಲ."

ಭಾವ ಚಿತ್ರದುರ್ಗದ ಒಂದು ಹೈಸ್ಕೂಲಿನಲ್ಲಿ ಸಮಾಜ ಹೇಳಿಕೊಡುತ್ತಿದ್ದವರು, ಅದರಲ್ಲೂ ಭೂಗೋಳ. ಅಕ್ಕ ನರ್ಸ್. ಅವಳ ಕೆಲಸದ ಮೇಲೆ ಇಲ್ಲಿ ಕಾಯಂ ನೆಲೆಸುವ ಪಿಆರ್ ಆಯಿತು, ಅವಳ ಹಿಂದೆ ಇವರು ಬಂದರು. ಇಲ್ಲಿ ಮೇಷ್ಟ್ರಾಗಬೇಕಾದರೆ ಮತ್ತೆ ಓದಬೇಕು, ಪರೀಕ್ಷೆ ಬರೆಯಬೇಕು. ಬರೆಯುತ್ತೇನೆ ಎನ್ನುತ್ತಲೇ ಒಂದು ವೇರ್‌ಹೌಸಿನಲ್ಲಿ ಸ್ಕ್ಯಾನರ್ ಹಿಡಿದುಕೊಂಡು ಏಳೆಂಟು ವರ್ಷ ಕಳೆದರು. ಕಣ್ಣಿನ ಕಾರಣಕ್ಕೆ ಈಗ ಅದೂ ನಿಂತಿತ್ತು. ಇದನ್ನು ದುಃಖದ ಕತೆ ಎಂದು ಅವರು ಯಾವತ್ತೂ ಹೇಳಿದವರಲ್ಲ. ನಾನೂ ಹಾಗೆ ಹೇಳಹೊರಟಿಲ್ಲ.

ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ರಾಜನ ಹುಟ್ಟುಹಬ್ಬದ ಸೋಮವಾರ ನಮ್ಮ ಎರಡೂ ರಾಜ್ಯಗಳಿಗೆ ರಜೆ. ಮೆಲ್ಬರ್ನ್‌ನಿಂದ ಪಶ್ಚಿಮಕ್ಕೆ ಮೂರು ಗಂಟೆ ಕಾರಿನಲ್ಲಿ ಹೋದರೆ ವಾರ್ನಂಬೂಲ್ ಸಿಗುತ್ತದೆ. ಸಮುದ್ರ, ಹಳೆಯ ಬಂದರು, ಲೈಟ್‌ಹೌಸ್, ಬಂಡೆಗೆ ಬಡಿದು ಮುಳುಗಿದ ಹಡಗುಗಳ ಕತೆ, ಚಳಿಗಾಲದಲ್ಲಿ ತೀರಕ್ಕೆ ಬರುವ ತಿಮಿಂಗಿಲ. ಊರು ದಾಟಿ ಕಾಲು ಗಂಟೆ ಹೋದರೆ ಟವರ್ ಹಿಲ್, ಸಾವಿರಾರು ವರ್ಷಗಳಿಂದ ಸುಮ್ಮನಿರುವ ಒಂದು ಜ್ವಾಲಾಮುಖಿ. ಬಾಯಿಯ ಅಂಚಿಗೂ ಹೋಗಬಹುದು, ಒಳಗೂ ಇಳಿಯಬಹುದು, ಕಾರಿನಲ್ಲೇ. ಅಲ್ಲಿಗೆ ಹೋಗೋಣ ಎಂದು ಆ ಫೋನಿನಲ್ಲೇ ನಾನು ಹೇಳಿದೆ. ತಾನೇ ಹೇಳಿದ್ದು ಎನ್ನುತ್ತಾಳೆ ಅಕ್ಕ. ಫೋನಿನ ಮಾತಿಗೆ ಯಾವ ಶೀಟೂ ಇಲ್ಲ.

ಅವಳು ಹಾಕಿದ ಷರತ್ತಿನ ಬಗ್ಗೆ ಮಾತ್ರ ನಮ್ಮಿಬ್ಬರಿಗೂ ಒಂದೇ ನೆನಪು. "ಅವ್ರಿಗೋಸ್ಕರ ಹೋಗೋದು ಅಂತ ಗೊತ್ತಾಗ್ಬಾರ್ದು ಕಣೇ. ಗೊತ್ತಾದ್ರೆ ಬರಲ್ಲ."

ಇದನ್ನು ಅರ್ಥ ಮಾಡಿಸಲು ನಮ್ಮ ಮನೆಯ ಒಂದು ಕ್ರಮ ಹೇಳಬೇಕು. ಅಳಿಯ ಬಾಯಿಬಿಟ್ಟು ಕೇಳುವಂತಾಗಬಾರದು. ಅಪ್ಪ ಇದನ್ನು ನಿಯಮವೆಂದು ಹೇಳಿಕೊಟ್ಟವರಲ್ಲ. ಭಾವ ಊಟಕ್ಕೆ ಕೂತಾಗ ನೀರಿನ ಲೋಟ ಅರ್ಧಕ್ಕಿಳಿದರೆ ಅಪ್ಪ ನಮ್ಮ ಕಡೆ ಒಮ್ಮೆ ನೋಡುತ್ತಿದ್ದರು, ಅಷ್ಟೆ. ಭಾವ ಕೇಳಿದರು ಎಂದರೆ ನಾವು ನೋಡಿಕೊಳ್ಳಲಿಲ್ಲ ಎಂದರ್ಥ. ಹಾಗಾಗಿ ನಾವು ಮೊದಲೇ ಊಹಿಸುತ್ತಿದ್ದೆವು: ಬಿಸಿನೀರು, ಎರಡನೇ ಸಲದ ಸಾರು, ಫ್ಯಾನಿನ ಕೆಳಗಿನ ಕುರ್ಚಿ. ಈ ಕ್ರಮಕ್ಕೆ ಇನ್ನೊಂದು ಮಗ್ಗುಲಿದೆ. ಕೇಳಬೇಕಾಗಿ ಬರದವರು ಕ್ರಮೇಣ ಕೇಳುವುದನ್ನೇ ಬಿಡುತ್ತಾರೆ. ಅವರ ಮದುವೆಯಾಗಿ ಇಪ್ಪತ್ತು ವರ್ಷದ ಮೇಲಾಯಿತು, ಭಾವ ನಮ್ಮನ್ನು ಇಂಥದು ಬೇಕು ಎಂದು ಕೇಳಿದ್ದು ನನಗೆ ನೆನಪಿಲ್ಲ. ನೆನಪಿಲ್ಲ ಎಂದರೆ ಕೇಳಿಲ್ಲವೆಂದೇನೂ ಅಲ್ಲ, ಅದನ್ನೂ ಒಪ್ಪುತ್ತೇನೆ.

ಹೀಗಾಗಿ ಜ್ವಾಲಾಮುಖಿಯನ್ನು ಬಚ್ಚಿಡಲು ಅದರ ಸುತ್ತ ಒಂದು ಸಾಧಾರಣ ಲಾಂಗ್ ವೀಕೆಂಡ್ ಕಟ್ಟುವ ಕೆಲಸ ಶುರುವಾಯಿತು.

ಮೊದಲ ಸಾಲಿನಲ್ಲಿ ಜ್ವಾಲಾಮುಖಿ ಬರೆದು ಉಳಿದದ್ದನ್ನೆಲ್ಲ ಅದರ ಕೆಳಗೆ ಸೇರಿಸಿದೆ ಎಂದು ನಾನು ನಂಬಿದ್ದೆ. ಶೀಟ್ ಪ್ರಕಾರ ನಾನು ಬರೆದ ಮೊದಲ ಸಾಲು "ಚಪಾತಿ 40". ಎರಡನೆಯದು ಕುಕ್ಕರ್, ಪಕ್ಕದಲ್ಲಿ "ಗ್ಯಾಸ್ಕೆಟ್ ನೋಡು". ಬಾಡಿಗೆಗೆ ಹಿಡಿದ ಮನೆಯಲ್ಲಿ ಅಡುಗೆಮನೆ ಇತ್ತು. ಅಡುಗೆಮನೆ ಇದ್ದಮೇಲೆ ನಮ್ಮವರು ಹೋಟೆಲ್ಲಿನಲ್ಲಿ ಊಟ ಮಾಡುವುದುಂಟೇ? ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅಲ್ಲಿ ಮೊಸರು ಸಿಗುತ್ತದೆಯೋ ಇಲ್ಲವೋ ಎಂಬ ಚರ್ಚೆ, ಸಿಕ್ಕರೂ ಹುಳಿ ಇರುವುದಿಲ್ಲ ಎಂಬ ಅಕ್ಕನ ಟಿಪ್ಪಣಿ. ಜ್ವಾಲಾಮುಖಿ ಬಂದದ್ದು ಮೂರನೆಯ ದಿನ, ಹದಿನಾಲ್ಕನೆಯ ಸಾಲಿನಲ್ಲಿ.

ಅಲ್ಲೂ ಅದು ನೆಲೆ ನಿಲ್ಲಲಿಲ್ಲ. ಸಿಡ್ನಿಯಿಂದ ಬಂದವರಿಗೆ ಸಮುದ್ರದೊಳಗೆ ನಿಂತ ಆ ಪ್ರಸಿದ್ಧ ಬಂಡೆಗಳನ್ನು ತೋರಿಸದೆ ಕಳಿಸುವುದು ಮೆಲ್ಬರ್ನ್‌ನವರಿಗೆ ಅವಮಾನ, ಹಾಗಾಗಿ ಸೋಮವಾರ ಪೂರ್ತಿ ಅದಕ್ಕೆ ಹೋಯಿತು. ಶನಿವಾರ ಪ್ಲೇನ್ ಇಳಿಯುವುದೇ ಹತ್ತಕ್ಕೆ, ಆಮೇಲೆ ದಾರಿ. ಭಾನುವಾರ ಬೆಳಗ್ಗೆ ತಿಮಿಂಗಿಲ. ಅದು ಬರುವವರೆಗೆ ಕಾಯಬೇಕು, ಬೆಳಗ್ಗೆಯೇ ಹೋಗಬೇಕು. ನನ್ನ ಮಗಳಿಗೆ ಹನ್ನೆರಡು, ಅವಳಿಗೆ ಬೀಚ್ ಬೇಕು. ಎರಡರಿಂದ ನಾಲ್ಕು "ಇವ್ರಿಗೆ ರೆಸ್ಟ್" ಎಂದು ಅಕ್ಕ ಬರೆದಳು. ಉಳಿದದ್ದು ಭಾನುವಾರ ನಾಲ್ಕೂಮುಕ್ಕಾಲು. ಅಲ್ಲಿ ಜ್ವಾಲಾಮುಖಿ ಇಟ್ಟೆವು, ಪಕ್ಕದಲ್ಲಿ "ಟೈಮ್ ಇದ್ದರೆ". ಜೂನ್ ಇಲ್ಲಿ ಚಳಿಗಾಲ, ಐದಕ್ಕೆಲ್ಲ ಹೊತ್ತು ಮುಳುಗುತ್ತದೆ. ಅದು ನನಗೆ ಗೊತ್ತಿತ್ತು. ಬೆಳಕು ಕಡಿಮೆಯಾದರೆ ಭಾವನಿಗೆ ಕಾಣಿಸುವುದಿಲ್ಲ ಎಂಬುದೂ ಗೊತ್ತಿತ್ತು. ಎರಡೂ ಒಂದೇ ತಲೆಯಲ್ಲಿದ್ದವು, ಒಂದಕ್ಕೊಂದು ಪರಿಚಯವಾಗಿರಲಿಲ್ಲ.

ಭಾವನ ಅನುಕೂಲಕ್ಕೆ ಶೀಟಿನಲ್ಲಿ ಒಂಬತ್ತು ಸಾಲುಗಳಿದ್ದವು. ಮುಂದಿನ ಸೀಟು. ಬಾತ್‌ರೂಮು ಸೇರಿಕೊಂಡ ಕೋಣೆ. ದಪ್ಪ ರಗ್ಗು. ಮೆಟ್ಟಿಲು ಬೇಡ, ಗುಡ್ಡ ಹತ್ತಿಸುವುದು ಬೇಡ. ಇವನ್ನೆಲ್ಲ ಬರೆಯುವಾಗ ನಮಗೆ ಅವರನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇವೆ ಎಂಬ ತೃಪ್ತಿ ಇತ್ತು. ನನ್ನ ಗಂಡ ಕಾರು ಓಡಿಸುವವರು, ಪ್ರತಿಯೊಂದಕ್ಕೂ "ನಿಮ್ಮಿಷ್ಟ" ಎಂದರು.

ಮೇ ತಿಂಗಳ ಒಂದು ಬೆಳಗ್ಗೆ ಶೀಟ್ ತೆರೆದರೆ ಜ್ವಾಲಾಮುಖಿ ಮೇಲಕ್ಕೆ ಹೋಗಿತ್ತು. ಶನಿವಾರ, ಹತ್ತು ಗಂಟೆ. ಬದಲಾಯಿಸಿದ್ದು ಅಕ್ಕನ ಅಕೌಂಟ್. ಪ್ಲೇನ್ ಇಳಿಯುವ ಹೊತ್ತೇ ಮರೆತಿದ್ದಾಳೆ ಎಂದುಕೊಂಡು ನಾನು ಅದನ್ನು ವಾಪಸ್ಸು ಭಾನುವಾರ ನಾಲ್ಕೂಮುಕ್ಕಾಲಿಗೆ ತಂದೆ. ಮರುದಿನ ಅದು ಭಾನುವಾರ ಬೆಳಗ್ಗೆ ಹತ್ತಕ್ಕೆ ಹೋಗಿತ್ತು, ಪಕ್ಕದಲ್ಲಿ "ಬೆಳಕು ಬೇಕು". ಫೋಟೋಗಿರಬೇಕು, ಅಕ್ಕನಿಗೆ ಫೋಟೋ ಹುಚ್ಚು. ತಿಮಿಂಗಿಲಕ್ಕೆ ಅಡ್ಡಬರುತ್ತದೆಂದು ಮತ್ತೆ ಕೆಳಗೆ ತಂದೆ. ಮೂರನೆಯ ಸಲ: "ಭಾನುವಾರ 10. ಬೆಳಕು ಬೇಕು. ಮೊದಲು ಅಂಚು, ಆಮೇಲೆ ಒಳಗೆ."

ಈಗ ನನ್ನ ನೆನಪು ಮತ್ತು ಶೀಟು ಪೂರ್ತಿ ಬೇರೆಯಾಗುವ ಜಾಗ ಬಂತು. ಈ ಕತೆಯನ್ನು ನಾನು ಪಕ್ಕದ ವೆರಿಬೀಯ ಗೆಳತಿಯರಿಗೆ ಎಷ್ಟೋ ಸಲ ಹೇಳಿದ್ದೇನೆ. ಹೇಳುವಾಗೆಲ್ಲ, ಆ ಮೂರನೆಯ ಸಾಲನ್ನು ಓದುತ್ತಲೇ ನನಗೆ ಅನುಮಾನ ಬಂತು, ಅಕ್ಕ ಹೀಗೆ ಬರೆಯುವವಳಲ್ಲ ಎಂದು ತಕ್ಷಣ ಹೊಳೆಯಿತು ಎನ್ನುತ್ತಿದ್ದೆ. ಇದನ್ನು ಬರೆಯಲು ಕೂತಾಗ ಮೊದಲ ಬಾರಿ ಶೀಟಿನ ಹಳೆಯ ಪ್ರತಿಗಳನ್ನು ತೆಗೆದು ನೋಡಿದೆ. ಗುರುವಾರ ಬೆಳಗ್ಗೆ ನನ್ನ ಅಕೌಂಟಿನಿಂದ ಆ ಸಾಲನ್ನೇ ಅಳಿಸಲಾಗಿದೆ. ಸರಿಸಿದ್ದಲ್ಲ, ಅಳಿಸಿದ್ದು. ನಾಲ್ಕು ನಿಮಿಷ ಬಿಟ್ಟು ಅದೇ ಜಾಗದಲ್ಲಿ ನಾನೇ ಬರೆದಿದ್ದೇನೆ: "ಭಾವನಿಗೆ ಆಯಾಸ ಆಗುತ್ತೆ. ಆಮೇಲೆ ನೋಡೋಣ." ಇದನ್ನು ಟೈಪ್ ಮಾಡಿದ ನೆನಪು ನನಗೆ ಚೂರೂ ಇಲ್ಲ. ಎಷ್ಟು ಒದ್ದಾಡಿದರೂ ಬರುವುದಿಲ್ಲ.

ಆ ಮಧ್ಯಾಹ್ನ ಅಕ್ಕನಿಗೆ ಫೋನ್ ಮಾಡಿದೆ. ಅವಳು ಆಸ್ಪತ್ರೆಯಲ್ಲಿ ಊಟದ ಬ್ರೇಕ್‌ನಲ್ಲಿದ್ದಳು. ನನಗೆ ಸಿಟ್ಟು ಬಂದಿತ್ತು.

"ದಿನಾ ಯಾಕೆ ಅದನ್ನ ಎಳೆದಾಡ್ತಿದೀಯ ನೀನು? ಬೆಳಗ್ಗೆ ತಿಮಿಂಗಿಲ ನೋಡ್ಬೇಕಲ್ವಾ?"

"ಯಾವುದನ್ನೇ?"

"ಜ್ವಾಲಾಮುಖಿನ."

"ನಾನು ಆ ಶೀಟ್ ಮುಟ್ಟಿ ಎರಡು ವಾರ ಆಯ್ತು. ಡಬಲ್ ಶಿಫ್ಟ್ ನಂದು, ತಲೆ ಬಾಚ್ಕೊಳ್ಳೋಕೆ ಟೈಮಿಲ್ಲ."

ಆಮೇಲೆ ಅಕ್ಕ ಮೆಲ್ಲಗೆ, "ಟ್ಯಾಬ್ ಇವ್ರ ಹತ್ರ ಇರುತ್ತೆ" ಎಂದಳು.

ಟ್ಯಾಬ್ ಅಕ್ಕನದು, ಅಕೌಂಟ್ ಅಕ್ಕನದು. ಆದರೆ ಕೆಲಸ ನಿಂತಮೇಲೆ ಹಗಲೆಲ್ಲ ಅದು ಭಾವನ ಕೈಯಲ್ಲಿ. ಅಕ್ಷರ ದೊಡ್ಡದು ಮಾಡಿಕೊಂಡು ಪೇಪರ್ ಓದುತ್ತಾರೆ. ಅಂದರೆ ಅವರು ಶೀಟ್ ಪೂರ್ತಿ ಓದಿದ್ದರು. ಎರಡರಿಂದ ನಾಲ್ಕು ರೆಸ್ಟ್ ಓದಿದ್ದರು. ಮೆಟ್ಟಿಲು ಬೇಡ ಓದಿದ್ದರು. ಎಲ್ಲಕ್ಕಿಂತ ಮೇಲೆ, ಮೊದಲ ದಿನವೇ ಅಕ್ಕ ನನಗೆಂದು ಬರೆದಿಟ್ಟಿದ್ದ "ಇವ್ರಿಗೆ ಹೇಳ್ಬೇಡ" ಎಂಬುದನ್ನೂ ಓದಿದ್ದರು. ಪ್ರವಾಸ ತನಗಾಗಿಯೇ ಎಂದು ತಿಳಿದ ಮನುಷ್ಯ, ತಾನು ನೋಡಬೇಕೆಂದಿದ್ದ ಒಂದೇ ಒಂದು ವಸ್ತು ದಿನದಿನಕ್ಕೆ ಸಂಜೆಯ ಕಡೆಗೆ ಜಾರುವುದನ್ನು ಸಿಡ್ನಿಯಲ್ಲಿ ಕೂತು ನೋಡುತ್ತಿದ್ದರು. ಬಾಯಿಬಿಟ್ಟು ಕೇಳುವುದು ಅವರಿಗೆ ಆಗುತ್ತಿರಲಿಲ್ಲ. ಶೀಟ್ ಯಾರ ಮನೆಯೂ ಅಲ್ಲ, ಅಲ್ಲಿ ಒಂದು ಸಾಲು ಮೇಲಕ್ಕೆ ಸರಿಸುವುದು ಕೇಳಿದಂತಲ್ಲ. ಹಾಗೆ ಅಂದುಕೊಂಡಿರಬೇಕು. ಇದು ನನ್ನ ಊಹೆ, ಅವರನ್ನು ಕೇಳಿಲ್ಲ.

"ನಾವಿಬ್ರೂ ಸೇರಿ ಅವ್ರಿಗೆ ಕತ್ತಲೆ ಬುಕ್ ಮಾಡಿದ್ವಲ್ಲೇ" ಎಂದು ಅಕ್ಕ ನಕ್ಕಳು. ನಗುತ್ತಲೇ ಫೋನಿಟ್ಟಳು. ಆಮೇಲೆ ಅತ್ತಳೋ ಏನೋ, ಹೇಳಲಿಲ್ಲ.

ನಾನು ತಕ್ಷಣ ಭಾವನಿಗೆ ಫೋನ್ ಮಾಡಿದೆ ಎಂದು ನೆನಪು ಹೇಳುತ್ತದೆ. ಶೀಟ್ ಹೇಳುವುದು ಬೇರೆ: ಅಳಿಸಿದ ಸಾಲು ವಾಪಸ್ಸು ಬಂದದ್ದು ಶನಿವಾರ. ಎರಡು ದಿನ ನಾನೇನು ಮಾಡುತ್ತಿದ್ದೆನೋ. ಬಹುಶಃ ಏನೂ ಆಗಿಲ್ಲವೆಂಬಂತೆ ಸಾಲನ್ನು ಹತ್ತು ಗಂಟೆಗೆ ಇಟ್ಟು ಸುಮ್ಮನಾಗಿಬಿಡಲೇ ಎಂದು ಯೋಚಿಸುತ್ತಿದ್ದೆ. ಅದು ನಮ್ಮ ಮನೆಯ ಕ್ರಮಕ್ಕೆ ಸರಿಯಾದ ದಾರಿ. "ಅವ್ರನ್ನೇ ಕೇಳ್ಬಿಡು" ಎಂದವರು ನನ್ನ ಗಂಡ. ಈ ಇಡೀ ವಿಷಯದಲ್ಲಿ ಅವರು "ನಿಮ್ಮಿಷ್ಟ" ಬಿಟ್ಟು ಹೇಳಿದ ಮೊದಲ ಮಾತು ಅದು.

ಭಾವನ ನಂಬರು ನನ್ನಲ್ಲಿತ್ತು, ಎಂದೂ ಒತ್ತಿರಲಿಲ್ಲ. ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಅಕ್ಕನ ಫೋನಿನಲ್ಲೇ ಮಾತಾಡುತ್ತಿದ್ದೆವು. ಕ್ಷಮೆ ಕೇಳಬೇಕೆಂದುಕೊಂಡಿದ್ದೆ. ಅವರು ಹಲೋ ಎಂದ ಮೇಲೆ ಅದು ಬರಲಿಲ್ಲ, ಟೈಮ್‌ಟೇಬಲ್ ಬಂತು.

"ಭಾವ, ಶೀಟಲ್ಲಿ ಭಾನುವಾರ ಹತ್ತು ಅಂತ ಹಾಕಿದ್ರಲ್ಲ..."

"ಹೂಂ. ತಪ್ಪಾಯ್ತೇನಮ್ಮ?"

"ಇಲ್ಲ. ನಿಮಗೆ ಯಾವಾಗ ಬೇಕು, ನೀವೇ ಹೇಳಿ."

ಆ ಕಡೆ ಟೀವಿಯ ಸದ್ದಿತ್ತು, ಯಾರೋ ಅದನ್ನು ನಿಲ್ಲಿಸಿದರು. ಅವರೇ ಇರಬೇಕು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಹತ್ತು ಅಂದ್ರೆ ಹತ್ತಕ್ಕೆ ಅಲ್ಲಿರ್ಬೇಕು. ಮನೆಯಿಂದ ಹೊರಡೋದಲ್ಲ. ನಿಮ್ಮನೆಯವ್ರು ಹತ್ತು ಅಂದ್ರೆ ಹತ್ತೂವರೆಗೆ ಶೂ ಹುಡುಕ್ತಿರ್ತಾರೆ."

"ಸರಿ ಭಾವ."

"ಬೆಳಗ್ಗೆ ಬಿಸಿಲು ಓರೆಯಾಗಿರುತ್ತೆ. ಅಂಚಿನ ನೆರಳು ಒಳಗೆ ಬೀಳುತ್ತೆ, ಆಗಲೇ ಆಳ ಗೊತ್ತಾಗೋದು. ಮೋಡ ಇದ್ರೆ ಸೋಮವಾರ ಹೋಗೋಣ. ಆ ಬಂಡೆಗಳು ಎಲ್ಲೂ ಹೋಗಲ್ಲ."

"ಸರಿ."

"ಆಮೇಲೆ ಆ ರೆಸ್ಟ್ ತೆಗೀರಿ. ನಾನೇನು ಬಾಣಂತಿನಾ?"

ನಾನು ನಕ್ಕೆ. ಅವರು ನಗಲಿಲ್ಲ, ಇನ್ನೂ ಮುಗಿದಿರಲಿಲ್ಲ. ಒಳಗೆ ಒಂದು ಸಣ್ಣ ಗುಡ್ಡ ಇದೆಯಂತೆ, ಮೇಲಿನಿಂದ ಸುತ್ತ ಕಾಣುತ್ತದಂತೆ, ಹತ್ತಲೇಬೇಕು ಎಂದರು. ಹತ್ತುವುದು ಕಷ್ಟವಲ್ಲ. ಇಳಿಯುವಾಗ ಕಾಲಿನ ಹತ್ತಿರ ಏನೂ ಕಾಣಿಸುವುದಿಲ್ಲ. "ಇಳಿಯೋವಾಗ ಯಾರಾದ್ರೂ ಕೈ ಹಿಡ್ಕೊಳ್ಳಿ" ಎಂದರು. ಅದನ್ನು ಹೇಳುವ ಮುಂಚೆ ಒಂದು ಸಲ ಗಂಟಲು ಸರಿಮಾಡಿಕೊಂಡರು. ಇಲ್ಲ, ಆ ಗಂಟಲು ಸರಿಮಾಡಿಕೊಂಡದ್ದು ನಾನು ಸೇರಿಸಿದ್ದಿರಬಹುದು.

ತಿಮಿಂಗಿಲದ ಸಾಲನ್ನು ನಾನು ಅಳಿಸಿದೆ. ತಿಮಿಂಗಿಲ ನಿಜವಾಗಿ ಬೇಕಿದ್ದದ್ದು ಅಕ್ಕನಿಗೆ.

ಶನಿವಾರ ಮಳೆ. ವಾರ್ನಂಬೂಲ್ ತಲುಪುವ ಹೊತ್ತಿಗೆ ಎಲ್ಲರಿಗೂ ಹಸಿವು, ಕುಕ್ಕರ್ ಇಟ್ಟೆವು. ಸಂಜೆಗೆ ಮುಂಚೆ ಸ್ವಲ್ಪ ಹೊತ್ತು ಮಳೆ ಬಿಟ್ಟಾಗ ಹಳೆಯ ಬೀದಿಯಲ್ಲಿ ನಡೆದೆವು. ಅಲ್ಲಿನ ಹಳೇ ಕಟ್ಟಡಗಳದ್ದು ಕಪ್ಪು ನೀಲಿ ಕಲ್ಲು. ಭಾವ ಒಂದು ಗೋಡೆಯ ಮೇಲೆ ಅಂಗೈ ಇಟ್ಟು, ಇದೂ ಲಾವಾರಸವೇ, ಆರಿದ ಮೇಲೆ ಬಸಾಲ್ಟ್, ಈ ಕಡೆಯ ನೆಲವೆಲ್ಲ ಇದೇ ಎಂದು ಮಗಳಿಗೆ ಹೇಳಿದರು. ಅವಳು "ಓಕೆ ದೊಡ್ಡಪ್ಪ" ಎಂದಳು, ಆಮೇಲೆ ಸ್ವಲ್ಪ ಮುಂದೆ ಹೋಗಿ ತಾನೂ ಒಂದು ಗೋಡೆ ಮುಟ್ಟಿ ನೋಡಿದಳು. ಅಕ್ಕ ನಾಲ್ಕೈದು ಸಲ ಆಕಾಶ ನೋಡಿದಳು.

ಭಾನುವಾರದ ಬಗ್ಗೆ ಶೀಟಿನಲ್ಲಿ ಏನೂ ಇಲ್ಲ. ಅಂದು ಯಾರೂ ಅದನ್ನು ತೆರೆಯಲಿಲ್ಲ. ಇಲ್ಲಿಂದ ಮುಂದೆ ಬರೀ ನೆನಪು, ಹಾಗಾಗಿ ಕಡಿಮೆ ಬರೆಯುತ್ತೇನೆ.

ಮೋಡ ಇತ್ತು, ನಡುನಡುವೆ ಬಿಸಿಲೂ ಇತ್ತು. ಅಂಚಿನ ಮೇಲಿನ ವ್ಯೂ ಪಾಯಿಂಟಿಗೆ ಹೋದಾಗ ಹತ್ತಾಗಲು ಐದು ನಿಮಿಷವಿತ್ತು, ಶೂ ಹಿಂದಿನ ಸಂಜೆಯೇ ಬಾಗಿಲ ಬಳಿ ಇಟ್ಟಿದ್ದೆವು. ಶಿಖರವಿಲ್ಲ, ಹೊಗೆಯಿಲ್ಲ. ಭಾರಿ ಅಗಲದ ಒಂದು ಬಟ್ಟಲು, ಒಳಗೆ ನೀರು, ನೀರಿನ ನಡುವೆ ಮರ ತುಂಬಿದ ಗುಡ್ಡಗಳು. "ದಟ್ಸ್ ಇಟ್?" ಎಂದಳು ಮಗಳು. ನನಗೂ ಹಾಗೇ ಅನ್ನಿಸಿತ್ತು. ಒಂದೇ ನೋಟಕ್ಕೆ ಎಲ್ಲ ಸಿಕ್ಕಿತು, ನನ್ನದು ಮುಗಿಯಿತು.

ಭಾವ ಕಂಬಿ ಹಿಡಿದು ನಿಂತರು. ಅವರಿಗೆ ಅದು ಒಂದೇ ಸಲಕ್ಕೆ ಸಿಗುವಂತಿರಲಿಲ್ಲ. ಎಡ ತುದಿಯಿಂದ ಶುರು ಮಾಡಿ ತಲೆಯನ್ನು ನಿಧಾನವಾಗಿ ಬಲಕ್ಕೆ ತಿರುಗಿಸಿದರು, ಒಂದು ಕಡೆ ನಿಲ್ಲಿಸಿ ಸ್ವಲ್ಪ ಹಿಂದಕ್ಕೆ ಬಂದು ಮತ್ತೆ ಮುಂದಕ್ಕೆ ಹೋದರು. ಬಲ ತುದಿ ಮುಟ್ಟಿದ ಮೇಲೆ ಗಲ್ಲ ತುಸು ಇಳಿಸಿ ಕೆಳಗಿನದನ್ನು ಬಲದಿಂದ ಎಡಕ್ಕೆ. ಇಡೀ ಹೊತ್ತು ಅವರು ಒಂದು ಮಾತೂ ಆಡಲಿಲ್ಲ ಎಂದು ನನ್ನ ನೆನಪು. ಅಕ್ಕ ಹೇಳುವುದು ಬೇರೆ: ಒಂದೇ ಸಮನೆ ಮಾತಾಡುತ್ತಿದ್ದರು, ಎಲ್ಲಿ ಬೂದಿ ಕೂತಿದೆ, ಎಲ್ಲಿ ಬಾಯಿ ಕುಸಿದಿದೆ ಎಂದು ಮಗಳಿಗೆ ತೋರಿಸುತ್ತಿದ್ದರು ಎನ್ನುತ್ತಾಳೆ. ಮಗಳನ್ನು ಕೇಳಿದರೆ ಅವಳಿಗೆ ನೆನಪಿರುವುದು ಕಾರಿನ ಕಿಟಕಿಗೆ ಮೂತಿ ತಂದ ಎಮು ಹಕ್ಕಿ ಮಾತ್ರ.

ಒಳಗಿನ ರಸ್ತೆ ಒನ್ ವೇ. ಇಳಿದೆವು, ಗುಡ್ಡ ಹತ್ತಿದೆವು. ಇಳಿಯುವಾಗ ನನ್ನ ಗಂಡ ಅವರ ಎಡಗೈ ಹಿಡಿದರು, ನಾನು ಒಂದು ಮೆಟ್ಟಿಲು ಮುಂದೆ ಇದ್ದು ಪ್ರತಿ ಮೆಟ್ಟಿಲನ್ನೂ ಹೇಳಿದೆ. ಕಾರಿನಲ್ಲಿ ಕೂತು ಹೊರಗೆ ಬರುವ ದಾರಿಯಲ್ಲಿ ನಾನು ಕೇಳಿದೆ.

"ಎಷ್ಟು ಕಾಣಿಸ್ತು ಭಾವ?"

ಅವರು ಲೆಕ್ಕ ಹಾಕುವವರಂತೆ ಸ್ವಲ್ಪ ತಡೆದರು. "ಮುಕ್ಕಾಲು. ಬಟ್ಟಲಿನ ಆ ಕಡೆ ಗೋಡೆ ಸಿಗ್ಲಿಲ್ಲ, ಬಿಸಿಲು ಕಣ್ಣಿಗೆ ಹೊಡೀತಿತ್ತು. ಇನ್ನೊಂದು ಸುತ್ತು ಹಾಕಿ."

ಒನ್ ವೇ ಭಾವ, ಹೈವೇಗೆ ಹೋಗಿ ತಿರುಗಿಸಿಕೊಂಡು ಬರಬೇಕು ಎಂದರು ನನ್ನ ಗಂಡ.

"ಬನ್ನಿ ಮತ್ತೆ."

ಹೈವೇಗೆ ಹೋಗಿ ತಿರುಗಿಸಿಕೊಂಡು ಬಂದೆವು. ಈ ಸಲ ಮೋಡ ಬಿಸಿಲಿಗೆ ಅಡ್ಡ ಬಂದಿತ್ತು. ಭಾವ ಸೀಟಿನಲ್ಲಿ ಮುಂದಕ್ಕೆ ಬಗ್ಗಿ, ಡ್ಯಾಶ್‌ಬೋರ್ಡಿನ ಮೇಲೆ ಒಂದು ಕೈ ಊರಿ, ಗೋಡೆಯ ಕಡೆ ತಲೆ ತಿರುಗಿಸಿದರು. "ನಿಧಾನ" ಎಂದರು. ನನ್ನ ಗಂಡ ನಿಧಾನ ಮಾಡಿದರು. "ಇನ್ನೂ ನಿಧಾನ." ಹಿಂದೆ ಒಂದು ಕ್ಯಾಂಪರ್‌ವ್ಯಾನ್ ಬಂದು ಲೈಟು ಹೊಡೆಯಿತು. ನನ್ನ ಗಂಡ ಕಿಟಕಿಯಿಂದ ಕೈ ಹೊರಗೆ ಹಾಕಿ ಮುಂದೆ ಹೋಗಲು ಸನ್ನೆ ಮಾಡಿ, ಕಾರನ್ನು ಹುಲ್ಲಿನ ಅಂಚಿಗೆ ಇಳಿಸಿ, ನಡೆಯುವವರ ವೇಗದಲ್ಲಿ ಮುಂದಕ್ಕೆ ಬಿಟ್ಟರು.